ಕಾಕಾನ ಮಷೀನು, ಕಾಕೂನ ಹೆಸರು

ಒಂದು ಒಗಟು ಹೇಳ್ತೀನಿ, ಒಡೀರಿ ನೋಡೋಣ. ಹೊಟ್ಟಿ ತುಂಬ ಕುಡೀತದ, ಹತ್ತು ನಿಮಿಷ ಕುಣೀತದ, ಆಮ್ಯಾಲ ಸಾಯ್ತದ. ಹೆಂಡ್ತಿ ಹೆಸರು ಹೇಳಿದ್ರ ಎದ್ದು ಕೂಡ್ತದ. ಯಾರದು?

ಬರಲ್ಲ, ಬಿಡ್ರಿ. ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟ ನನಗೂ ಕಡೀಕೇ ತಿಳಿದದ್ದು. ಬಸವಕಲ್ಯಾಣದ ಒಂದು ಶಾದಿಮಹಲಿನ ಲಾನ್ ನೋಡಿಕೊಳ್ಳೋದು ನಮ್ಮ ಕಾಕಾನ ಕೆಲಸ. ಕಾಕಾನ ಜೋಡಿ ನಾ. ನಾವಿಬ್ಬರೂ ಇದ್ದಲ್ಲಿ ಇಂಥಾವು ತಪ್ಪೋದೇ ಇಲ್ಲ.

೧. ಪೂಜಿ

ಖಂಡೇಪೂಜಿ, ಅಂದ್ರ ದಸರಾದ ಆಯುಧಪೂಜಿ ದಿನ ಕಾಕಾ ಹುಲ್ಲು ಕತ್ತರಿಸೋ ಮಷೀನ್ ತೊಳದು, ನನ್ನ ಕೈಯಾಗ ವಿಭೂತಿ ಕೊಟ್ಟ.

"ಎಲ್ಲಿ ಹಚ್ಚಲಿ, ಕಾಕಾ?"

"ಪೆಟ್ರೋಲ್ ಟಾಕಿ ಮುಚ್ಚಳಕ್ಕ ಹಚ್ಚೋ. ಹೊಟ್ಟಿ ತಂಪಿದ್ರ ಎಲ್ಲಾ ತಂಪು."

ನಾ ಕಂಜೂಸ ಅಲ್ಲ. ಗೋಡಿಗೆ ಗಿಲಾವ್ ಮಾಡಿದಂಗ ಬಳದೆ. ಮರುದಿನದಿಂದ ಮಷೀನು ಹತ್ತು ನಿಮಿಷ ಓಡೋದು, ಕೆಮ್ಮೋದು, ಬಂದ್ ಬೀಳೋದು.

"ಪೂಜಿ ಕಡಿಮಿ ಬಿತ್ತು ಕಾಣಸ್ತದ" ಅಂದ ಕಾಕಾ, ಇನ್ನೊಂದು ಸುತ್ತು ವಿಭೂತಿ ಹಚ್ಚಿಸಿದ.

೨. ಹುಮನಾಬಾದ್ ಹವಾ

ಮಷೀನ್ ಟೆಂಪೋದಾಗ ಹಾಕಿ ಹುಮನಾಬಾದ್ ಮೆಕ್ಯಾನಿಕ್ ಹತ್ರ ಒಯ್ದಿವಿ. ಆತ ಮುಚ್ಚಳ ತೆಗದು ಪೆಟ್ರೋಲ್ ನೋಡಿದ, ಮುಚ್ಚಿದ, ಪ್ಲಗ್ ಬದಲಿ ಮಾಡಿದ, ಹಗ್ಗ ಎಳದ. ಬರ್ರ್ ಅಂತು! ಕಲ್ಯಾಣಕ್ಕ ತಂದ್ವಿ. ಹತ್ತೇ ನಿಮಿಷ. ಕಾಕಾ ಫೋನ್ ಮಾಡಿದ.

"ನನ್ನ ಅಂಗಡ್ಯಾಗ ಓಡಿತೋ ಇಲ್ಲೋ?" ಅಂದ ಮೆಕ್ಯಾನಿಕ್.

"ಓಡಿತ್ರಿ."

"ಮತ್ತ ಕಲ್ಯಾಣದಾಗ ನಿಂತ್ರ ತಪ್ಪು ನಿಮ್ಮೂರಿನ ಹವಾದ್ದು."

೩. ಒಡಪು

ಶಾದಿಮಹಲಿನ ಮಾಲಕರು ಬಂದ್ರು. "ನಾಳೆ ಮದುವಿ. ಸಂಜೀತನಕ ಲಾನ್ ಸಾಫ್ ಆಗಲಿಲ್ಲಂದ್ರ ನಾಡದ್ದಿನಿಂದ ಬ್ಯಾರೇ ಮಂದಿ ಬರ್ತಾರ. ನೀ ಮನ್ಯಾಗಿರು."

ಕಾಕಾನ ಮಾರಿ ಸಣ್ಣದಾಯ್ತು. ನನಗ ಸುಮ್ಮನಿರಾಕ ಬರಲ್ಲ. "ಕಾಕಾ, ಇದು ಮದುವಿ ಜಾಗಾ. ಒಡಪು ಹೇಳಿ ಹಗ್ಗ ಎಳೀರಿ" ಅಂದೆ.

ಒಡಪು ಅಂದ್ರ ಮದುವ್ಯಾಗ ಗಂಡ ಹೆಂಡ್ತಿ ಹೆಸರು, ಹೆಂಡ್ತಿ ಗಂಡನ ಹೆಸರು ಪ್ರಾಸ ಕಟ್ಟಿ ಹೇಳೋದು. ಕಾಕಾ ಇಷ್ಟು ವರ್ಷದಾಗ ಕಾಕೂನ ಹೆಸರು ಬಾಯಾಗ ತಂದಾಂವಲ್ಲ. ಈತ "ಏ" ಅಂತಾನ, ಆಕಿ "ಓ" ಅಂತಾಳ, ಸಂಸಾರ ನಡದದ. ಆದ್ರ ಕೆಲಸ ಹೋಗೋ ಹೊತ್ತು. ಕಾಕಾ ಮುಚ್ಚಳ ತೆಗದು ಪೆಟ್ರೋಲ್ ಅದನೋ ಇಲ್ಲೋ ನೋಡಿದ, ಮುಚ್ಚಿದ, ಕಣ್ಣೂ ಮುಚ್ಚಿದ:

"ಹಸರ ಹುಲ್ಲಿನ ಮ್ಯಾಲ ಇಬ್ಬನಿ ಹನಿ,
ಶಾಂತಾ ಬಂದ ಮ್ಯಾಲೇ ಮನಿ ಆಯ್ತು ಮನಿ!"

ಹಗ್ಗ ಎಳದ. ಮಷೀನು ಗುಡುಗಿತು! ಅಂಜಿದಾಂವ ನಾನೇ.

ಹತ್ತು ನಿಮಿಷಕ್ಕ ನಿಂತಿತು. ಮತ್ತ ಮುಚ್ಚಳ, ಮತ್ತ ಒಡಪು, ಮತ್ತ ಗುಡುಗು. ಅರಿಷಿಣಕ್ಕ ಬಂದ ಹೆಂಗಸರು ಮದುಮಗಳನ್ನ ಬಿಟ್ಟು ಕಾಕಾನ ಸುತ್ತ ನಿಂತ್ರು. ಒಂಬತ್ತನೇದಕ್ಕ ಪ್ರಾಸ ತೀರಿಹೋಗಿ ಕಾಕಾ, "ಮೆಂತೆ, ಪಾಲಕ್, ಶಾಂತಾ!" ಅಂದ. ಮಷೀನು ಅದಕ್ಕೂ ಎದ್ದಿತು.

೪. ಎಣ್ಣಿ ಡಬ್ಬಿ

ಹೊತ್ತು ಇಳಿಯಾಕತ್ತಿತ್ತು, ಅರ್ಧಾ ಲಾನ್ ಹಂಗೇ ಇತ್ತು. ಬಾಜೂಕ ಅಡಗಿ ಮಾಡೋ ಬಾವರ್ಚಿ ಚಾಚಾ ಎಣ್ಣಿ ಡಬ್ಬಿಗೆ ಮೊಳಿ ಬಡದು ಎರಡು ತೂತು ಹೊಡದ.

"ಎರಡು ಯಾಕ, ಚಾಚಾ?" ಅಂದೆ.

"ಒಂದರಿಂದ ಎಣ್ಣಿ ಹೊರಗ, ಇನ್ನೊಂದರಿಂದ ಗಾಳಿ ಒಳಗ. ಗಾಳಿ ಹೋಗಲಿಲ್ಲಂದ್ರ ಎಣ್ಣಿ ಬರಲ್ಲ, ಬೇಟಾ."

ಅಷ್ಟರಾಗ ಮಷೀನು ಮತ್ತ ನಿಂತಿತು. ಚಾಚಾ ಬಂದು ಮುಚ್ಚಳ ನೋಡಿದ. "ಅರೆ ಭಾಯಿ, ಇದರ ಮೂಗಿಗೆ ಏನ ಮೆತ್ತೀರಿ?" ಪಿನ್ನಿನಿಂದ ವಿಭೂತಿ ಕೆರದ್ರ ಕೆಳಗ ಸಾಸಿವಿಯಷ್ಟು ತೂತು! "ನೀ ಮುಚ್ಚಳ ತೆಗದಾಗೆಲ್ಲ ಗಾಳಿ ಹೋಗಿ ಓಡ್ಯಾದ. ನಿನ್ನ ಶಾಯರಿಗಲ್ಲ."

ಆಮ್ಯಾಲ ಮಷೀನು ನಿಲ್ಲಲೇ ಇಲ್ಲ. ಕತ್ತಲಾಗೋದ್ರಾಗ ಲಾನ್ ಸಾಫ್, ಕಾಕಾನ ಕೆಲಸ ಉಳೀತು.

ಮನಿಗೆ ಹೋದ್ರ ಕಾಕೂ ಬಾಗಲದಾಗೇ ನಿಂತಿದ್ಲು. ನಮಗಿಂತ ಮೊದಲ ಸುದ್ದಿ ಮುಟ್ಟಿತ್ತು. "ನಮ್ಮ ಮದುವ್ಯಾಗ ಎಲ್ಲಾರೂ ಕೈಮುಗದು ಕೇಳಿದ್ರೂ ಒಂದು ಒಡಪು ಹೇಳಲಿಲ್ಲ. ಮಷೀನಿಗೆ ಒಂಬತ್ತು! ಅದೂ ಪಾಲಕ್ ಜೋಡಿ!"

ಕಾಕಾ ನಕ್ಕ, ನನ್ನ ಬೆನ್ನು ಚಪ್ಪರಿಸಿದ, ಜಿಲೇಬಿ ಕೊಡಿಸಿದ.

ಈ ಜಿಲೇಬಿ ಸುಳ್ಳರಿ, ನಾನೇ ಕಟ್ಟಿದ್ದು. ಖರೇ ಅಂದ್ರ ಕಾಕಾ ಚಪ್ಪಲ್ ಹಿಡಕೊಂಡು ಬೆನ್ನ ಹತ್ತಿದ. ಅವತ್ತು ನಾನೂ ಹತ್ತು ನಿಮಿಷಕ್ಕ ನಿಲ್ಲಲಿಲ್ಲ.