ಬೋಳಾದ ಬೆಣ್ಣೆಹಣ್ಣಿನ ಮರ

ಆ ವರ್ಷ ಕಸಿಲ್ದಾ ಅಜ್ಜಿಯ ಬೆಣ್ಣೆಹಣ್ಣಿನ ಮರ ಯಾಕಾದರೂ ಅಷ್ಟು ಕಾಯಿ ಬಿಟ್ಟಿತೋ, ಎಲಾಡಿಯೊ ಮೇಷ್ಟ್ರ ಗ್ರಹಚಾರ ಕೆಟ್ಟಿತು. ಬೆಣ್ಣೆಹಣ್ಣು ಜಾಸ್ತಿ ಬಿಟ್ಟರೆ ಚಂಡಮಾರುತ ಗ್ಯಾರಂಟಿ ಎನ್ನುವುದು ನಮ್ಮ ಪೋರ್ಟೊರಿಕೊದ ಅಜ್ಜಿಯರ ನಂಬಿಕೆ. ಆ ಹಾಳು ಮರ ಚಾಚಿಕೊಂಡಿದ್ದು ನೇರ ಮೇಷ್ಟ್ರ ತರಗತಿಯ ಕಿಟಕಿಗೆ.

ಆ ದಿನ ಶಾಲಾ ಇನ್ಸ್‌ಪೆಕ್ಟರ್ ಓತೀಲಿಯಾ ಮೇಡಂ ತಪಾಸಣೆಗೆ ಬರುವವರಿದ್ದರು. ಪಾಠ, ಚಂಡಮಾರುತ ಹುಟ್ಟುವ ಬಗೆ. ಮೇಡಂ ಸಹಿ ಬಿದ್ದರೆ ಆರು ವರ್ಷದ ಹಂಗಾಮಿ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಹಿಂದಿನ ದಿನ, "ಚಂಡಮಾರುತ ಯಾಕೆ ಬರುತ್ತೆ?" ಎಂದು ಕೇಳಿದ್ದಕ್ಕೆ ಇಡೀ ತರಗತಿ ಕಿಟಕಿಯತ್ತ ಕೈ ತೋರಿಸಿ, "ಬೆಣ್ಣೆಹಣ್ಣಿಂದ, ಮೇಷ್ಟ್ರೇ!" ಅಂದಿತ್ತು. ಮೇಡಂ ಮುಂದೆಯೂ ಹೀಗಂದುಬಿಟ್ಟರೆ? ಬೆಳಕು ಹರಿಯುತ್ತಲೇ ಮೇಷ್ಟ್ರು ಏಣಿ ಹಾಕಿ ಒಂದೂ ಕಾಯಿ ಉಳಿಯದಂತೆ ಮರ ಬೋಳಿಸಿ, ಕಾಯಿಗಳನ್ನೆಲ್ಲ ತರಗತಿಯ ಬೀರುವಿಗೆ ತುರುಕಿದರು.

ಮೇಡಂ ಬಂದು ಕೂತರು. ಮೇಷ್ಟ್ರು ಮುಂದಿನ ಬೆಂಚಿನ ಹುಡುಗಿಯತ್ತ ತಿರುಗಿದರು.

"ಹೇಳು ನೆರೈದಾ, ಚಂಡಮಾರುತ ಹೇಗೆ ಹುಟ್ಟುತ್ತೆ?"

ಹುಡುಗಿ ಕಿಟಕಿಯತ್ತ ನೋಡಿದಳು. ಬರೀ ಎಲೆ. "ಬಿಸಿಲಿಗೆ ಸಮುದ್ರದ ನೀರು ಚೆನ್ನಾಗಿ ಕಾಯ್ಬೇಕು. ಆಗ ಬಿಸಿ ಗಾಳಿ, ಆವಿ ಎಲ್ಲಾ ಮೇಲಕ್ಕೇರುತ್ತೆ. ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತೆ. ಭೂಮಿ ತಿರುಗ್ತಾ ಇರೋದ್ರಿಂದ ಗಾಳಿನೂ ಗಿರಗಿರ ಸುತ್ತುತ್ತೆ. ಆವಿ ಮೋಡ ಆಗ್ತಾ ಶಾಖ ಬಿಡುತ್ತೆ, ಅದ್ರಿಂದ ಇನ್ನೂ ಜೋರಾಗುತ್ತೆ!"

"ಭೇಷ್!" ಮೇಡಂ ಪೆನ್ನು ತೆಗೆದರು. "ಎಲ್ಲಿ, ಹಾಜರಿ ಪುಸ್ತಕ?"

ಅದಿದ್ದದ್ದು ಬೀರುವಿನಲ್ಲಿ. "ನಾನೇ ಕೊಡ್ತೀನಿ ಮೇಡಂ" ಎನ್ನುವಷ್ಟರಲ್ಲಿ ಅವರು ಬಾಗಿಲು ಎಳೆದೇಬಿಟ್ಟರು. ಕಾಯಿಗಳು ದಡದಡನೆ ಅವರ ಕಾಲ ಮೇಲೆ ಉರುಳಿದವು.

ಅದೇ ಹೊತ್ತಿಗೆ ಕಸಿಲ್ದಾ ಅಜ್ಜಿ ನುಗ್ಗಿದಳು. "ನನ್ ಮರ ಬೋಳಿಸಿದ ಕಳ್ಳ ಯಾವನೋ? ಓಹೋ, ನೀವಾ ಮೇಷ್ಟ್ರೇ! ನಾಚಿಕೆ ಆಗಲ್ವಾ?"

"ಕಳ್ಳ ಅಲ್ಲ ಅಜ್ಜಿ!" ನೆರೈದಾ ಎದ್ದು ನಿಂತಳು. "ಚಂಡಮಾರುತ ಬರಬಾರ್ದು ಅಂತ ಕಿತ್ತಿದ್ದಾರೆ!"

ಅಜ್ಜಿಯ ಕೋಪ ಜರ್ರನೆ ಇಳಿಯಿತು. "ದೇವರಂಥ ಮನುಷ್ಯ!" ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಮೇಡಂ ಮಾತ್ರ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಮೇಷ್ಟ್ರನ್ನು ಮೂಲೆಗೆ ಕರೆದು ದನಿ ತಗ್ಗಿಸಿದರು.

"ನಮ್ಮನೇಲಿ ಮೂರು ಮರ ಇದೆ ಕಣ್ರೀ. ಕೊಂಬೆ ಮುರಿಯೋ ಹಾಗೆ ಕಾಯಿ ಬಿಟ್ಟಿದೆ, ನನಗೆ ನಿದ್ದೆನೇ ಇಲ್ಲ. ಶನಿವಾರ ಏಣಿ ತಗೊಂಡು ಬನ್ನಿ."

"ಮತ್ತೆ... ಸಹಿ, ಮೇಡಂ?"

"ಅವಸರ ಏನು? ನವೆಂಬರ್ ಕಳೀಲಿ, ಚಂಡಮಾರುತದ ಕಾಲ ಮುಗೀಲಿ. ಒಂದೂ ಬರದೇ ಇದ್ರೆ ಹಾಕ್ತೀನಿ."

ಸಂಜೆ ಮೇಷ್ಟ್ರು ಒಬ್ಬರೇ ಸಮುದ್ರಕ್ಕೆ ಹೋಗಿ ಕಾಲು ಅದ್ದಿ ನೋಡಿದರು. ನೀರು ಚೆನ್ನಾಗಿ ಕಾದಿತ್ತು.