ಹಾರ್ಡ್ ಡಿಸ್ಕಿನೊಳಗಿನ ಅತ್ತೆ

ಮೊಬೈಲಿಗೆ ಚಾರ್ಜ್ ಹಾಕಬೇಕಿತ್ತು, ಲ್ಯಾಪ್‌ಟಾಪಿನಲ್ಲಿ ವೈರ್ ಸಿಕ್ಕಿಸಲು ಜಾಗ ಖಾಲಿ ಇರಲಿಲ್ಲ. ಅಲ್ಲಿ ಸಿಕ್ಕಿಸಿದ್ದ ಹಾರ್ಡ್ ಡಿಸ್ಕಿನ ವೈರನ್ನು ಕಲ್ಮೇಶ್ ಕಳೆ ಕೀಳುವವನಂತೆ ಸರಕ್ಕನೆ ಎಳೆದುಬಿಟ್ಟ. ಮತ್ತೆ ಸಿಕ್ಕಿಸಿದಾಗ ಡಿಸ್ಕಿನ ದೀಪವೇನೋ ಮಿಣುಕಿತು. ಕಂಪ್ಯೂಟರ್ ಮಾತ್ರ ಅದರ ಪರಿಚಯವೇ ಇಲ್ಲದಂತೆ ಕೂತು, ಕೊನೆಗೆ ಒಂದೇ ಪ್ರಶ್ನೆ ಕೇಳಿತು: ‘ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು. ಮಾಡಲೇ?’

ಕಲ್ಮೇಶ್ ಲ್ಯಾಪ್‌ಟಾಪಿನಿಂದ ಕೈ ಹಿಂದಕ್ಕೆಳೆದುಕೊಂಡ. ಅದರಲ್ಲಿ ಅವನ ಮದುವೆಯ ವಿಡಿಯೊ ಇತ್ತು. ವಿಡಿಯೊದಲ್ಲಿ ಅತ್ತೆ ಶಿವಕ್ಕ ಸೋಬಾನೆ ಹಾಡಿದ್ದರು. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ದನಿ ಉಳಿದಿದ್ದು ಅದೊಂದರಲ್ಲೇ. ಅದನ್ನು ಕೇಳಲೆಂದೇ ಶಿವಕ್ಕನ ತಂಗಿಯರಿಬ್ಬರು ಹಾವೇರಿಯಿಂದ ಬಂದಿದ್ದರು. ಹೆಂಡತಿ ಶಿವರಂಜನಿ ಅವರನ್ನು ಸ್ಟೇಷನ್ನಿನಿಂದ ಕರೆದುಕೊಂಡು, ನಂದಿನಿ ಲೇಔಟಿನ ನೆಂಟರಲ್ಲಿ ಊಟ ಮುಗಿಸಿ, ಸಂಜೆಗೆ ಮನೆಗೆ ಬರುವವಳಿದ್ದಳು.

“ಅಯ್ಯೋ!” ಎಂದು ಅವನು ಕೂಗಿದ್ದು ಎದುರುಮನೆಗೂ ಕೇಳಿಸಿತು. ವಿಜಯನಗರದಲ್ಲಿ ಮನೆಗೂ ಮನೆಗೂ ನಡುವೆ ಇರುವುದೇ ಒಂದು ಬನಿಯನ್ ಒಣಹಾಕುವಷ್ಟು ಜಾಗ. ಪಾಪಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದರು.

“ಏನಾಯ್ತಪ್ಪಾ?”

“ಹಾರ್ಡ್ ಡಿಸ್ಕ್ ಹೋಯ್ತು ಆಂಟಿ.”

“ಅಕ್ಕಿ ಡಬ್ಬದಲ್ಲಿಡು. ನನ್ನ ಮೊಬೈಲ್ ಹಂಗೇ ಸರಿಹೋಗಿದ್ದು.”

“ಇದು ನೀರಿಗೆ ಬಿದ್ದಿಲ್ಲ ಆಂಟಿ.”

“ಬಿದ್ದಿಲ್ಲಾಂದ್ರೂ ಇಡು. ಅಕ್ಕಿ ಏನು ಬೇಡ ಅನ್ನುತ್ತಾ?”

ಅವರೇ ಡಿಸ್ಕನ್ನು ಸೋನಾಮಸೂರಿಯಲ್ಲಿ ಹೂತರು. ಅಷ್ಟರಲ್ಲಿ ಮಹಡಿಯ ಬೈರಯ್ಯ ಇಳಿದು ಬಂದರು. ಅವರು ಮನೆಯ ಮಿಕ್ಸಿಯನ್ನು ತಾವೇ ರಿಪೇರಿ ಮಾಡಿ ಅದರ ಬಾಯನ್ನು ಶಾಶ್ವತವಾಗಿ ಮುಚ್ಚಿಸಿದವರು. ಅಕ್ಕಿಯಿಂದ ಡಿಸ್ಕನ್ನು ಅಗೆದು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಕನ್ನಡಕ ಏರಿಸಿ ನೋಡಿದರು.

“ಫಾರ್ಮ್ಯಾಟ್ ಮಾಡ್ಲಾ ಅಂತ ಎಷ್ಟು ಮರ್ಯಾದೆಯಾಗಿ ಕೇಳ್ತಾ ಇದೆ ಕಣಯ್ಯ. ಹೂಂ ಅನ್ನೋದಲ್ವಾ?”

ಅವರ ಬೆರಳು ಇಳಿಯುವಷ್ಟರಲ್ಲಿ ಕಲ್ಮೇಶ್ ವಿಕೆಟ್‌ಕೀಪರಿನಂತೆ ಹಾರಿ ಲ್ಯಾಪ್‌ಟಾಪಿನ ಮೇಲೆ ಬಿದ್ದ.

“ಬೇಡ ಸಾರ್! ಹೂಂ ಅಂದ್ರೆ ನಮ್ಮತ್ತೆ ಇನ್ನೊಂದ್ಸಲ ಹೋಗ್ಬಿಡ್ತಾರೆ!”

ಬೈರಯ್ಯ ಬೆರಳನ್ನು ಜೇಬಿಗೆ ಹಾಕಿಕೊಂಡರು. ಪಾಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಡಿಸ್ಕನ್ನು ಎಳೆಗೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಕಲ್ಮೇಶ್ ಹೊಸಹಳ್ಳಿಗೆ ಓಡಿದ. ಮೆಟ್ರೊ ಸ್ಟೇಷನ್ನಿನ ಹತ್ತಿರ ಸುವರ್ಣಾ ಎಂಬಾಕೆಯ ಕಂಪ್ಯೂಟರ್ ಅಂಗಡಿಯಿತ್ತು. ಆಕೆ ಡಿಸ್ಕಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳನ್ನು ಪಿನ್ನಿನಿಂದ ಎತ್ತಿದಳು.

“ಇದು ಹಾರ್ಡ್ ಡಿಸ್ಕೋ, ಅಕ್ಷತೆ ತಟ್ಟೆಯೋ ಸಾರ್?”

“ಬದುಕುತ್ತಾ ಹೇಳಿ ಮೇಡಂ.”

“ಡಿಸ್ಕಿಗೇನೂ ಆಗಿಲ್ಲ. ಯಾವುದು ಎಲ್ಲಿದೆ ಅನ್ನೋದನ್ನ ಮರೆತುಬಿಟ್ಟಿದೆ ಅಷ್ಟೆ. ಕೂತ್ಕೊಳ್ಳಿ, ಮೂಲೆ ಮೂಲೆ ಹುಡುಕಿ ತೆಗೀತೀನಿ.”

ಪರದೆಯ ಮೇಲೆ ಹಸಿರು ಗೆರೆಯೊಂದು ಮಾಗಡಿ ರೋಡಿನ ಬಸ್ಸಿನಂತೆ ತೆವಳತೊಡಗಿತು. ನಡುವೆ ಶಿವರಂಜನಿಯ ಫೋನು.

“ರೀ, ಹಾಡು ರೆಡಿ ಇದೆಯಾ? ಚಿಕ್ಕಮ್ಮ ಈಗಲೇ ಅಳ್ತಾ ಇದಾರೆ.”

“ಹೂಂ, ರೆಡಿ,” ಎಂದ ಕಲ್ಮೇಶ್.

ಕೊನೆಗೂ ಗೆರೆ ತುದಿ ಮುಟ್ಟಿತು. ಸುವರ್ಣಾ ಒಂದು ಫೈಲ್ ಒತ್ತಿದಳು. ಅಂಗಡಿಯ ಪುಟ್ಟ ಸ್ಪೀಕರಿನಲ್ಲಿ ಶಿವಕ್ಕ ಹಾಡಿದರು. ಮದುವೆಯ ದಿನ ಹಸಿವಿನಲ್ಲಿ ‘ಯಾವಾಗ ಮುಗಿಯುತ್ತದೋ’ ಎಂದುಕೊಂಡಿದ್ದ ಹಾಡನ್ನು ಕಲ್ಮೇಶ್ ಈಗ ನಿಂತುಕೊಂಡೇ ಪೂರ್ತಿ ಕೇಳಿದ. ಸುವರ್ಣಾ ಸಿಕ್ಕಿದ್ದನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿಕೊಟ್ಟಳು.

ಸಂಜೆ ಟಿವಿ ಮುಂದೆ ಎಲ್ಲರೂ ಸೇರಿದರು. ಪಾಪಮ್ಮ, ಬೈರಯ್ಯನವರೂ ಜಾಗ ಹಿಡಿದಿದ್ದರು. ಹಾಡು ಮುಗಿದಾಗ ಒಣಗಿದ ಕಣ್ಣೊಂದೂ ಇರಲಿಲ್ಲ. ದೊಡ್ಡ ಚಿಕ್ಕಮ್ಮ ಕಲ್ಮೇಶನ ತಲೆ ಸವರಿದರು. “ಅಳಿಯ ಅಂದ್ರ ಹಿಂಗಿರಬೇಕ ನೋಡು!”

ಕಲ್ಮೇಶ್ ಹಿಗ್ಗಿ ಹೀರೇಕಾಯಾದ. ಟಿವಿ ತಾನಾಗಿಯೇ ಮುಂದಿನ ಫೈಲಿಗೆ ಹೋಯಿತು.

ಅಲ್ಲಿ ಶಿವಕ್ಕ ಮದುಮಗನ ಕೈ ಹಿಡಿದುಕೊಂಡು ನಗುತ್ತಿದ್ದರು. “ನನ್ನ ಮಗಳಿಗೆ ರೊಟ್ಟಿ ಬಡಿಯಾಕ ಬರಂಗಿಲ್ರೀ ಅಳಿಯಂದ್ರ. ಐತವಾರಕ್ಕೊಮ್ಮೆ ನೀವ ಬಡಿದು ಹಾಕ್ತೀರೇನು?”

ಪೇಟ ಸುತ್ತಿಕೊಂಡ ಮದುಮಗ ಎದೆಯುಬ್ಬಿಸಿದ. “ಇರೋತನಕ ಹಾಕ್ತೀನ್ರೀ ಅತ್ತಿಯವರ! ನಿಮ್ಮಾಣಿ!”

ಮದುವೆಯಾದ ತಿಂಗಳಲ್ಲೇ ಕಲ್ಮೇಶ್ ಆ ತುಣುಕನ್ನು ಅಳಿಸಿ ಮರೆತೇಬಿಟ್ಟಿದ್ದ. ಸುವರ್ಣಾ ಮೂಲೆ ಮೂಲೆ ಹುಡುಕಿದಾಗ ಅಳಿಸಿದ್ದೂ ಎದ್ದು ಬಂದಿತ್ತು.

“ಆಗ ಕ್ಯಾಮೆರಾದವನು ಊಟಕ್ಕೆ ಹೋಗಿದ್ದ ಅಂದಿದ್ರಲ್ರೀ?” ಎಂದಳು ಶಿವರಂಜನಿ. ಮೂಗು ಕೆಂಪಾಗಿತ್ತು, ಬಾಯಿ ನಗುತ್ತಿತ್ತು. “ಇನ್ನೊಂದ್ಸಲ ಹಾಕ್ರೀ. ಅಮ್ಮ ಹೀಗೆ ನಕ್ಕಿದ್ದನ್ನ ನಾನು ಮರೆತೇಬಿಟ್ಟಿದ್ದೆ.”

ಕಲ್ಮೇಶ್ ತಾನೇ ರಿಮೋಟ್ ಒತ್ತಿದ. ಶಿವಕ್ಕ ಮತ್ತೆ ನಕ್ಕರು, ಅವನು ಮತ್ತೆ ಆಣೆ ಮಾಡಿದ.

“ಇವತ್ತ ಯಾವ ವಾರ ಐತವ್ವಾ?” ದೊಡ್ಡ ಚಿಕ್ಕಮ್ಮ ಕೇಳಿದರು.

“ಭಾನುವಾರ ಕಣಮ್ಮಾ,” ಪಾಪಮ್ಮ ಆಗಲೇ ಎದ್ದಿದ್ದರು. “ಜೋಳದ ಹಿಟ್ಟು ನಮ್ಮನೇಲಿದೆ, ತರ್ತೀನಿ ತಾಳಿ.”

ಕಲ್ಮೇಶ್ ಅಂಗಿಯ ತೋಳು ಮಡಚತೊಡಗಿದ.