ಮೂಲೆಯ ಮರಿ

ಇಡೀ ಮಧುಗಿರಿ ತಾಲ್ಲೂಕಿನಲ್ಲಿ ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಚೆಸ್ ಸೋಲುವವರು ಇನ್ನೊಬ್ಬರಿಲ್ಲ! ಎಂಟು ವರ್ಷದಿಂದ ನನ್ನೊಬ್ಬನ ಕೈಲೇ ಸೋಲುತ್ತಿದ್ದಾನೆ. ಬೇರೆಯವರ ಕೈಲಿ ಸೋತು ಅಭ್ಯಾಸವಿಲ್ಲವಂತೆ.

ಕೊಡಿಗೇನಹಳ್ಳಿಯಲ್ಲಿ ಕುರಿ ಮೇಯಿಸುವ ಮಾವ, ಭಾನುವಾರ ಕುರಿಗಳನ್ನು ದೊಡ್ಡಿಗೆ ಹೊಡೆದು ಜಗಲಿಯ ಮೇಲೆ ಬೋರ್ಡು ಹಾಸುತ್ತಾನೆ. "ಒಂದೇ ಒಂದ್ ಸಲ ನಿನ್ನ ಸೋಲಿಸ್ಬುಟ್ರೆ ಟಗರು ಕುಯ್ದು ಊಟ ಹಾಕ್ತೀನಿ ಕಣ್ಲಾ" ಎಂದು ಟಗರನ್ನೂ ಬೇರೆ ಕಟ್ಟಿದ್ದಾನೆ. ಮೊದಲನೆಯ ಟಗರು ವಯಸ್ಸಾಗಿ ಸತ್ತಿತು. ಈಗಿನದು ಎರಡನೆಯದು, ಅದಕ್ಕೂ ಹಲ್ಲು ಅಲ್ಲಾಡುತ್ತಿವೆ.

ಕಾಲಾಳುಗಳನ್ನು ಅವನು ಮರಿ ಅನ್ನುತ್ತಾನೆ. ತೊಂದರೆ ಅಲ್ಲೇ ಶುರು! ಮೂಲೆಯಲ್ಲಿ ಒಂದು ಮರಿ ಒಂಟಿಯಾದರೆ ಸಾಕು, ಆನೆ, ಕುದುರೆ ಎಲ್ಲವನ್ನೂ ಅದರ ಕಾವಲಿಗೆ ಅಟ್ಟುತ್ತಾನೆ. ಇತ್ತ ರಾಜ ಬಯಲಲ್ಲಿ ಒಬ್ಬನೇ. ನಾನು ಹೋಗಿ ಚೆಕ್ ಕೊಡುತ್ತೇನೆ.

ವಿಡಿಯೋ ನೋಡಿಕೊಂಡು ಬಂದು ಪಾಠವನ್ನೂ ಮಾಡಿದೆ. "ಇದು ಮನಸ್ಸಿನ ಆಟ ಮಾವ. ಕಳ್ಕೊಳ್ಳೋ ಭಯದಲ್ಲಿ ಗೆಲ್ಲೋ ದಾರಿ ಕಾಣ್ಸಲ್ಲ."

"ವಿಡಿಯೋದೋನು ಕುರಿ ಸಾಕವ್ನಾ?"

"ಇಲ್ಲ."

"ಮತ್ತೆ ಅವನ್ಗೇನ್ ಗೊತ್ತು? ಬುಡು."

ಹೋದ ಭಾನುವಾರ ಮಾತ್ರ ನಾನು ಕೆಟ್ಟೆ. ಮಾವ ಆನೆಯನ್ನು ಒಂದು ನಡೆ ಸರಿಸಿದ್ದರೆ ನನ್ನ ಕಥೆ ಮುಗಿದಿತ್ತು. ಅವನಿಗೂ ಅದು ಕಂಡಿತು. ಒಮ್ಮೆ ಟಗರಿನ ಕಡೆ ನೋಡಿದ. ಆಮೇಲೆ ಮೂಲೆಯಲ್ಲಿ ನನ್ನ ಕುದುರೆಗೆ ಸಿಕ್ಕಿಬಿದ್ದಿದ್ದ ಮರಿಯನ್ನು ನೋಡಿದ. ಆನೆಯನ್ನೆತ್ತಿ ಅದರ ಪಕ್ಕ ಇಟ್ಟ! ಎರಡೇ ನಡೆಗೆ ನಾನು ಗೆದ್ದೆ.

ಗೆದ್ದವನಿಗೇ ಸಿಟ್ಟು ಬಂತು. "ಅಯ್ಯೋ ಮಾವ, ಗೆದ್ಬುಟ್ಟಿದ್ದೆ ನೀನು! ಆ ಒಂದ್ ಮರಿ ಹೋಗಿದ್ರೆ ಏನಾಗ್ತಿತ್ತು?"

"ರಾಜ ದೊಡ್ಡೋನು, ಹೆಂಗೋ ನೋಡ್ಕತಾನೆ. ಅದ್ಕೆ ಯಾರವ್ರೆ ಕಣ್ಲಾ?"

ನಾನು ಆ ಮರಿಯನ್ನೆತ್ತಿ ಡಬ್ಬಿಯಲ್ಲಿಟ್ಟೆ.

ಒಂಬತ್ತು ವರ್ಷದ ಹಿಂದೆ, ಪಿಯುಸಿ ಫೇಲಾದ ದಿನ ನಾನು ಯಾರಿಗೂ ಹೇಳದೆ ಹಿಂದೂಪುರದ ಬಸ್ಸು ಹತ್ತಿದ್ದೆ. ಅದೇ ದಿನ ಮಾವ ಮದಲೂರಿಗೆ ಹೆಣ್ಣು ನೋಡಲು ಹೊರಟಿದ್ದ. ಅವನೇ ಮೆಚ್ಚಿದ್ದ ಹುಡುಗಿ. ನಾನು ಕಾಣೆಯೆಂದು ತಿಳಿದದ್ದೇ, ಮದಲೂರು ಬಿಟ್ಟು, ಬಸ್ಸಿನವರನ್ನು ವಿಚಾರಿಸಿಕೊಂಡು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲೇ ಹಿಂದೂಪುರಕ್ಕೆ ಬಂದ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲಿದ್ದ ನನ್ನನ್ನು ಹುಡುಕಿ, ಬೈಯಲೂ ಇಲ್ಲ. "ಎದ್ದೇಳ್ಲಾ, ಇಡ್ಲಿ ತಿನ್ನಾನ" ಎಂದ. ಮದಲೂರಿನವರು ಸಂಜೆಯವರೆಗೆ ಕಾದು, ಆಮೇಲೆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಮಾವ ಮದುವೆಯಾಗಲೇ ಇಲ್ಲ.

ಆಗಿನ್ನೂ ಅವನಿಗೆ ಚೆಸ್ ಬರುತ್ತಿರಲಿಲ್ಲ. ಒಂಟಿ ಮರಿಯ ಕಾವಲಿಗೆ ಓಡುವ ಈ ತಪ್ಪು ಮಾತ್ರ ಆಗಲೇ ಬರುತ್ತಿತ್ತು. ಅದರಿಂದಲೇ ನಾನು ಮನೆ ಸೇರಿದೆ.